ಎರಡು ಸಾರಿ

ಹಾಸನದ ಆಲೂಗೆಡ್ಡೆ ಮಂಡಿಯಲ್ಲಿ ಇಪ್ಪತ್ತೆಂಟು ವರ್ಷ
ಹರಾಜು ಕೂಗಿದವನು ನಾನು.
ಮೂಟೆಯ ಮೇಲೆ ಹತ್ತಿ 'ಒಂದು ಸಾರಿ' ಅಂದರೆ
ರೈಲ್ವೆ ಗೇಟಿನಾಚೆಯ ಕತ್ತೆಗಳೂ ಕಿವಿ ನಿಮಿರಿಸುತ್ತವೆಂದು
ಹಮಾಲಿ ಕಾಳಯ್ಯ ಆಣೆ ಮಾಡುತ್ತಿದ್ದ.
'ಎರಡು ಸಾರಿ' ಅಂದಾಗ ಬೀಡಿಗಳು ಆರುತ್ತಿದ್ದವು.
ಮೂರನೆಯದಾದ ಮೇಲೆ ಮಾತಿಲ್ಲ,
ಮಾಲು ಹೋಯಿತು, ಲಾರಿ ಹತ್ತಿತು.

ಈಗ ಕೊರಳಲ್ಲೊಂದು ತೂತು,
ತೂತಿಗೊಂದು ಕೊಳವೆ, ಕೊಳವೆಯ ಮುಂದೆ
ಹೆಂಡತಿ ಹೊಲಿದ ಬಿಳಿ ಬಟ್ಟೆಯ ತೆರೆ.
ಧ್ವನಿಪೆಟ್ಟಿಗೆಯನ್ನು ಬಾಟಲಿಯಲ್ಲಿ ಹಾಕಿ
ಲ್ಯಾಬಿಗೆ ಕಳಿಸಿದರಂತೆ, ಮಿಡಿ ಉಪ್ಪಿನಕಾಯಿಯ ಹಾಗೆ.
ರಸೀದಿ ನನ್ನಲ್ಲಿದೆ.

ಭಾನುವಾರ ಬೆಳಿಗ್ಗೆ ಸಾಲಗಾಮೆ ರಸ್ತೆಯ ಶಿಶುವಿಹಾರದಲ್ಲಿ
ಮಕ್ಕಳಿಲ್ಲದ ಹೊತ್ತು ಕೂರುತ್ತೇವೆ, ಒಂಬತ್ತು ಜನ,
ಮೊಣಕಾಲು ಗಲ್ಲ ಮುಟ್ಟುವ ಪುಟಾಣಿ ಕುರ್ಚಿಗಳಲ್ಲಿ.
ಗೋಡೆಯ ಮೇಲೆ ಅ ಅರಸ, ಆ ಆನೆ,
ಇ ಇಲಿಯ ಬಾಲ ಯಾರೋ ಕಿತ್ತಿದ್ದಾರೆ.

ಗುಣವತಿ ಸಿಸ್ಟರ್ ಮೊದಲ ದಿನವೇ ಹೇಳಿಬಿಟ್ಟರು:
'ಇದು ಔಷಧಿ ಅಲ್ಲ. ಇದರಿಂದ ಗೆಡ್ಡೆ ಕರಗಲ್ಲ.
ಕೀಮೋ ತಪ್ಪಿಸಿ ಬಂದವರನ್ನ ಬಾಗಿಲಿಂದಲೇ ವಾಪಸ್ ಕಳಿಸ್ತೀನಿ.
ಭಯ ಹೇಗೂ ಇದೆಯಲ್ಲ,
ಒಬ್ಬೊಬ್ಬರೇ ಕೂರೋ ಬದಲು ಜೊತೇಲಿ ಕೂರೋಣ.'
ಗೆಡ್ಡೆ ಅಂದರೆ ನನಗೆ ಈಗಲೂ
ಮೊದಲು ಮೂಗಿಗೆ ಬಡಿಯುವುದು ಗೋಣಿಯ ಮಣ್ಣಿನ ವಾಸನೆ.
ಮೂಗಿಗೆ ವಾಸನೆ ಬರುವುದು ನಿಂತು ವರ್ಷವಾಯಿತು, ಆದರೂ.

'ಕಣ್ಣು ಮುಚ್ಚಿ. ಮೂಗಿನ ತುದೀಲಿ
ಉಸಿರು ಬಂದುಹೋಗೋದನ್ನ ನೋಡಿ.'
ನಾನು ಸ್ಲೇಟಿನಲ್ಲಿ ಬರೆದೆ:
ನನ್ನ ಉಸಿರು ಆ ದಾರಿ ಬಿಟ್ಟಿದೆ.
ಸಿಸ್ಟರ್ ಓದಿದರು, ಕನ್ನಡಕ ಒರೆಸಿಕೊಂಡರು.
'ಎಲ್ಲಿ ಬರುತ್ತೋ ಅಲ್ಲಿ ನೋಡಿ' ಅಂದರು.

ಮೌನ.
ಉಳಿದವರಿಗೆ ಅದು ಅಪರೂಪದ ತಿಂಡಿ,
ನನಗೆ ದಿನದ ಮುದ್ದೆ.
ಆದರೆ ಅಂಥ ಮೌನದಲ್ಲೇ ನನ್ನ ಕೊಳವೆ
ಸಣ್ಣಗೆ ಸೀಟಿ ಹೊಡೆಯುತ್ತಿತ್ತು.
ಮಂಡಿಯನ್ನೇ ನಡುಗಿಸಿದವನು
ಕೊರಳ ಬಟ್ಟೆ ಒತ್ತಿ ಹಿಡಿದು
ಕಳ್ಳನ ಹಾಗೆ ಉಸಿರಾಡಿದೆ.
ಮುಂದಿನ ಭಾನುವಾರ ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಮನೆ ಬಾಗಿಲಲ್ಲಿ ಜುಬೇದಾ,
ತಲೆಗೆ ಹಸಿರು ದುಪಟ್ಟ, ಕೈಯಲ್ಲಿ ಬಳೆ ಪೆಟ್ಟಿಗೆ.
'ಏನ್ರೀ ಬೋರಣ್ಣ, ನೀವಿಲ್ದೆ ಕೂರೋಕೇ ಆಗಲಿಲ್ಲ.
ನಂಗೆ ಕಣ್ಣು ಮುಚ್ಚಿದ್ರೆ ಸ್ಕ್ಯಾನಿಂಗ್ ಮಿಷನ್ನೇ ಕಾಣ್ಸೋದು,
ಉಸಿರು ಕಟ್ಟಿ ಹೋಗುತ್ತೆ.
ನಿಮ್ಮ ಆ ಸೀಟಿ ಕೇಳ್ಸಿದ್ರೆ, ಓ,
ಈಗ ಎಳ್ಕೋಬೇಕು, ಈಗ ಬಿಡಬೇಕು ಅಂತ ಗೊತ್ತಾಗುತ್ತೆ.
ಆ ಹುಡುಗ ಮೋಹಿತನೂ ಅಂಗೇ ಅಂದ.'
ಹೆಂಡತಿ ಒಂದು ಡಜನ್ ಬಳೆ ಕೊಂಡಳು,
ಚೌಕಾಸಿ ಮಾಡದೆ. ಅದೂ ಮೊದಲ ಸಲ.

ಈಗ ಬಟ್ಟೆ ಒತ್ತಿ ಹಿಡಿಯುವುದಿಲ್ಲ.
ನನ್ನ ತೂತಿನಿಂದ ಹೊರಟ ಗಾಳಿಯ ಹಿಂದೆ
ಎಂಟು ಎದೆಗಳು ಏರುತ್ತವೆ, ಇಳಿಯುತ್ತವೆ,
ನಾನು ಕಣ್ಣು ಮುಚ್ಚಿಯೇ ಎಣಿಸುತ್ತೇನೆ.
ಹೊಳೆನರಸೀಪುರದ ಪುಟ್ಟಲಿಂಗಮ್ಮನದು
ತೀರಾ ಮೆಲ್ಲಗೆ, ನಡುವೆ ಒಂದು ಕೆಮ್ಮು.
ಆಷಾಢದಲ್ಲಿ ಆ ಕೆಮ್ಮು ಕೇಳಿಸಲಿಲ್ಲ.
ಅವಳ ಕುರ್ಚಿಯನ್ನು ಯಾರೂ ಎತ್ತಿಡಲಿಲ್ಲ,
ನಾನೂ ಅವಳ ಜಾಗದಲ್ಲಿ ಅಷ್ಟು ಹೊತ್ತು ಕಾದು
ಆಮೇಲೆ ಮುಂದಕ್ಕೆ ಹೋಗುತ್ತೇನೆ.

ಹತ್ತರವರೆಗೆ ಎಣಿಸಿ ಅನ್ನುತ್ತಾರೆ ಸಿಸ್ಟರ್.
ಕಸುಬಿನ ನಾಲಿಗೆ, ಕೇಳುವುದಿಲ್ಲ.
ಉಸಿರು ಬಂತು, ಒಂದು ಸಾರಿ.
ಉಸಿರು ಹೋಯಿತು, ಎರಡು ಸಾರಿ.
ಅಲ್ಲಿಗೆ ನಿಲ್ಲಿಸಿ, ಮತ್ತೆ ಮೊದಲಿಂದ.
ಇನ್ನೂ ಯಾರಾದರೂ ಕೂಗುವವರಿದ್ದಾರಾ ಅಂತ
ಸುತ್ತ ನೋಡುವ ಹಾಗೆ.

ಗಂಟೆ ಬಾರಿಸಿದ ಮೇಲೆ ಏಳುವಾಗ
ಮೋಹಿತನ ಸೊಂಟಕ್ಕೆ ಕುರ್ಚಿ ಸಿಕ್ಕಿಕೊಂಡು ಜೊತೆಗೇ ಎದ್ದಿತು.
ಇಬ್ಬರು ಎಳೆದರು, ಜುಬೇದಾ ಬೈದಳು, ಸಿಸ್ಟರ್ ನಕ್ಕರು.
ನಾನೂ ನಕ್ಕೆ. ಕೊರಳಿನ ಬಟ್ಟೆ
ಪಟಪಟ ಹಾರಿತು.